ಎಷ್ಟಕ್ಕೆ ಎಷ್ಟು: ದೇಶಗಳ ಜೀವವೈವಿಧ್ಯ ರಕ್ಷಣೆಯ ದಕ್ಷತೆಯನ್ನು ಅಳೆಯುವ ಬಗೆ

2022ರ ಜೂನ್ ತಿಂಗಳಿನ ಒಂದು ಸುದ್ದಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಮೆರಿಕದ ಯೇಲ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ತಜ್ಞರು ಎರಡು ವರ್ಷಕ್ಕೊಮ್ಮೆ ಪ್ರಕಟಿಸುವ ಪರಿಸರ ಸಾಧನೆಯ ಸೂಚ್ಯಂಕದಲ್ಲಿ, 180 ದೇಶಗಳ ಪೈಕಿ ಭಾರತಕ್ಕೆ 180ನೆಯ ಸ್ಥಾನ ಬಂದಿತ್ತು. ಮೊದಲ ಸ್ಥಾನದ ಡೆನ್ಮಾರ್ಕಿಗೆ 77.9 ಅಂಕ, ನಮಗೆ 18.9. ಸೂಚ್ಯಂಕದ ಆಧಾರವೇ ಸರಿಯಿಲ್ಲವೆಂದು ಕೇಂದ್ರ ಪರಿಸರ ಸಚಿವಾಲಯ ಕೆಲವೇ ದಿನಗಳಲ್ಲಿ ಅದನ್ನು ತಳ್ಳಿಹಾಕಿತು. ಮರುವರ್ಷ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಹುಲಿ ಯೋಜನೆಯ ಸುವರ್ಣ ಮಹೋತ್ಸವ ನಡೆಯಿತು. ಜುಲೈ ಹೊತ್ತಿಗೆ ದೇಶದಲ್ಲಿ ಸರಾಸರಿ 3,682 ಹುಲಿಗಳಿವೆ, ಅವುಗಳಲ್ಲಿ 563 ಕರ್ನಾಟಕದಲ್ಲಿವೆ ಎಂಬ ಲೆಕ್ಕವೂ ಹೊರಬಿತ್ತು. ಒಂದೇ ದೇಶ ವರ್ಷವೊಂದರ ಅಂತರದಲ್ಲಿ ಕೊನೆಯ ಬೆಂಚಿನಲ್ಲೂ ಮೊದಲ ಬೆಂಚಿನಲ್ಲೂ ಕಾಣಿಸಿಕೊಂಡಿತು.

ಆ ಸೂಚ್ಯಂಕದಲ್ಲಿ ಹವಾಮಾನ ನೀತಿಯಿಂದ ಹಿಡಿದು ಗಾಳಿಯ ಗುಣಮಟ್ಟದವರೆಗೆ ಅನೇಕ ಸಂಗತಿಗಳು ಸೇರಿದ್ದವು, ಜೀವವೈವಿಧ್ಯ ಅದರ ಒಂದು ಭಾಗ ಮಾತ್ರ ಎಂಬುದನ್ನು ನಾನು ಮೊದಲೇ ಒಪ್ಪಿಕೊಳ್ಳಬೇಕು. ಆದರೂ ಜಗಳದ ಮೂಲ ಒಂದೇ. ಒಂದು ದೇಶ ತನ್ನ ಕಾಡು, ಹುಲ್ಲುಗಾವಲು, ಕಡಲು, ಅವುಗಳಲ್ಲಿನ ಜೀವರಾಶಿ ಇವನ್ನೆಲ್ಲ ಚೆನ್ನಾಗಿ ಕಾಪಾಡುತ್ತಿದೆಯೇ ಎಂದು ಕೇಳುವುದು ಒಂದು ಪ್ರಶ್ನೆ. ತನ್ನ ಕೈಲಿರುವ ಹಣ, ನೆಲ, ಜನಬಲಗಳಿಗೆ ತಕ್ಕಷ್ಟು ಚೆನ್ನಾಗಿ ಕಾಪಾಡುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದು ಫಲದ ಪ್ರಶ್ನೆ, ಎರಡನೆಯದು ದಕ್ಷತೆಯ ಪ್ರಶ್ನೆ. ನಾಲೆಯ ನೀರಿರುವ ಮಂಡ್ಯದ ರೈತನೊಬ್ಬ ಎಕರೆಗೆ ಬೆಳೆಯುವ ರಾಗಿಯನ್ನೂ ಮಳೆಯನ್ನೇ ನಂಬಿರುವ ಪಾವಗಡದ ರೈತ ಬೆಳೆಯುವ ರಾಗಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ಯಾರು ಜಾಣ ಬೇಸಾಯಗಾರನೆಂದು ತೀರ್ಪು ಕೊಡುವವರನ್ನು ನೀವು ನಂಬುವುದಿಲ್ಲ. ದೇಶಗಳ ವಿಷಯಕ್ಕೆ ಬಂದಾಗ ಮಾತ್ರ ಅಂಥ ತೀರ್ಪನ್ನು ಪತ್ರಿಕೆಯಲ್ಲಿ ಓದಿ ಸುಮ್ಮನೆ ಒಪ್ಪಿಕೊಳ್ಳುತ್ತೇವೆ. ನಾನು ಅಂಕಿಅಂಶಶಾಸ್ತ್ರದ ಪಾಠ ಹೇಳುವವನು, ಕಾಡಿನ ತಜ್ಞನಲ್ಲ. ಆದ್ದರಿಂದ ಈ ಮಾತುಗಳೆಲ್ಲ ತಕ್ಕಡಿಯ ಬಗ್ಗೆ.

ದಕ್ಷತೆ ಎಂದರೆ ಫಲವನ್ನು ಹೂಡಿಕೆಯಿಂದ ಭಾಗಿಸುವುದು ಎನ್ನೋಣ. ಹಾಗಾದರೆ ಇಲ್ಲಿ ಫಲ ಯಾವುದು? ಎಲ್ಲಕ್ಕಿಂತ ಸುಲಭವಾಗಿ ಸಿಗುವ ಅಳತೆ, ದೇಶದ ನೆಲದಲ್ಲಿ ಶೇಕಡ ಎಷ್ಟು ಸಂರಕ್ಷಿತ ಪ್ರದೇಶವಾಗಿದೆ ಎಂಬುದು. 2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಿಗೆಯಾದ ಜಾಗತಿಕ ಚೌಕಟ್ಟು, 2030ರೊಳಗೆ ನೆಲದ ಮತ್ತು ಕಡಲಿನ ಶೇ 30ರಷ್ಟನ್ನು ಸಂರಕ್ಷಿಸಬೇಕೆಂದು ಹೇಳುತ್ತದೆ. ಅದಕ್ಕೂ ಮುಂಚಿನ ಗುರಿ ನೆಲಕ್ಕೆ ಶೇ 17, ಕಡಲಿಗೆ ಶೇ 10 ಆಗಿತ್ತು. ಗುರಿಯೇ ವಿಸ್ತೀರ್ಣದ ಭಾಷೆಯಲ್ಲಿರುವಾಗ ದೇಶಗಳು ವಿಸ್ತೀರ್ಣವನ್ನೇ ಒದಗಿಸುತ್ತವೆ. 2009ರಲ್ಲಿ ಜೋಪಾ ಮತ್ತು ಫಾಫ್ ಎಂಬ ಇಬ್ಬರು ಸಂಶೋಧಕರು 147 ದೇಶಗಳ ಸಂರಕ್ಷಿತ ಪ್ರದೇಶಗಳನ್ನು ಪರಿಶೀಲಿಸಿದಾಗ, ಅವು ಬಹುಪಾಲು ಎತ್ತರದಲ್ಲಿ, ಕಡಿದಾದ ಇಳಿಜಾರುಗಳಲ್ಲಿ, ರಸ್ತೆ ಮತ್ತು ಪಟ್ಟಣಗಳಿಂದ ದೂರದಲ್ಲಿ ಇರುವುದು ಕಂಡುಬಂತು. ಎಂದರೆ ಯಾರಿಗೂ ಅಷ್ಟಾಗಿ ಬೇಡದ ನೆಲಕ್ಕೆ ಬೇಲಿ ಹಾಕಿ ಕಾಪಾಡಿದೆವೆಂದು ಬರೆದುಕೊಳ್ಳುವುದು ಒಂದೆರಡು ದೇಶಗಳ ಚಾಳಿಯಲ್ಲ, ಸರಿಸುಮಾರು ಇಡೀ ಜಗತ್ತಿನದು. ನಮ್ಮಲ್ಲೂ ನೋಡಿ: ಘಟ್ಟದ ಮೇಲೆ ರಾಷ್ಟ್ರೀಯ ಉದ್ಯಾನಗಳ ಸಾಲೇ ಇದೆ, ಬಯಲುಸೀಮೆಯ ಹುಲ್ಲುಗಾವಲು ಮಾತ್ರ ಕಂದಾಯದ ದಾಖಲೆಗಳಲ್ಲಿ ಇಂದಿಗೂ ಪಾಳುಭೂಮಿ.

ಹಾಗಾಗಿ ಸರಿಯಾದ ಲೆಕ್ಕಕ್ಕೆ ಇನ್ನೊಂದು ಸಂಖ್ಯೆ ಬೇಕು. ನಾವು ಏನೂ ಮಾಡದೇ ಇದ್ದಿದ್ದರೆ ಏನಾಗುತ್ತಿತ್ತು? ಅದನ್ನು ಯಾರೂ ಕಣ್ಣಾರೆ ಕಾಣುವಂತಿಲ್ಲ, ಅಂದಾಜು ಮಾಡಬೇಕು. ಇದಕ್ಕೆ ನನಗೆ ಇಷ್ಟವಾದ ಉದಾಹರಣೆ ಕೋಸ್ಟಾರಿಕಾ. ಕಾಡನ್ನು ಉಳಿಸಿಕೊಂಡ ಭೂಮಾಲೀಕರಿಗೆ ಇಂಧನ ತೆರಿಗೆಯ ಹಣದಿಂದ ಸಂಭಾವನೆ ಕೊಡುವ ಯೋಜನೆಯನ್ನು 1990ರ ದಶಕದ ಕೊನೆಯಲ್ಲಿ ಆರಂಭಿಸಿದ, ಎಲ್ಲ ಸಮ್ಮೇಳನಗಳಲ್ಲೂ ಹೊಗಳಿಸಿಕೊಳ್ಳುವ ದೇಶ ಅದು. ಅಲ್ಲಿನ ಸಂರಕ್ಷಿತ ಕಾಡುಗಳ ಬಗ್ಗೆ 2008ರಲ್ಲಿ ಬಂದ ಒಂದು ಅಧ್ಯಯನ, ಪ್ರತಿಯೊಂದು ಸಂರಕ್ಷಿತ ತುಂಡಿಗೂ ಇಳಿಜಾರು, ಮಣ್ಣು, ರಸ್ತೆಯ ದೂರ ಇವುಗಳಲ್ಲಿ ಅದನ್ನೇ ಹೋಲುವ ಅಸಂರಕ್ಷಿತ ತುಂಡೊಂದನ್ನು ಹುಡುಕಿ ಜೋಡಿ ಮಾಡಿತು. ರಕ್ಷಣೆ ಇಲ್ಲದಿದ್ದರೆ ಸಂರಕ್ಷಿತ ಕಾಡಿನ ಸುಮಾರು ಹತ್ತರಲ್ಲೊಂದು ಪಾಲು ಕಡಿದುಹೋಗುತ್ತಿತ್ತು ಎಂಬುದು ಅದರ ತೀರ್ಮಾನ. ಉಳಿದ ಒಂಬತ್ತು ಪಾಲು ಬೇಲಿ ಇಲ್ಲದಿದ್ದರೂ ಉಳಿಯುತ್ತಿತ್ತು! ಒಳಗೆ ಎಷ್ಟು ಕಾಡು, ಹೊರಗೆ ಎಷ್ಟು ಕಾಡು ಎಂದು ಸರಳವಾಗಿ ಹೋಲಿಸುವ ಹಳೆಯ ವಿಧಾನಗಳು ರಕ್ಷಣೆಯ ಫಲವನ್ನು ಶೇ 65ಕ್ಕಿಂತ ಹೆಚ್ಚು ಉಬ್ಬಿಸಿ ತೋರಿಸುತ್ತಿದ್ದವು. ಕೋಸ್ಟಾರಿಕಾದ ಸಾಧನೆ ಸುಳ್ಳೆಂದು ಇದರ ಅರ್ಥವಲ್ಲ. ಹತ್ತರಲ್ಲೊಂದು ಪಾಲು ಕಾಡು ಉಳಿದದ್ದು ದೊಡ್ಡ ಮಾತೇ.

ವಿಸ್ತೀರ್ಣ ಬೇಡ, ಜೀವಿಗಳನ್ನೇ ಎಣಿಸೋಣ ಎಂದರೆ ಕೆಂಪು ಪಟ್ಟಿಯ ಸೂಚ್ಯಂಕಕ್ಕೆ ಬರುತ್ತೇವೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಪ್ರತಿಯೊಂದು ಪ್ರಭೇದಕ್ಕೂ, ಅದು ನಿರ್ನಾಮವಾಗುವ ಅಪಾಯ ಎಷ್ಟೆಂದು ಹೇಳುವ ಒಂದು ದರ್ಜೆ ಇರುತ್ತದೆ. ಚಿಂತೆಯಿಲ್ಲದ ಪ್ರಭೇದಕ್ಕೆ 0, ನಿರ್ನಾಮವಾದದ್ದಕ್ಕೆ 5, ನಡುವೆ ನಾಲ್ಕು ಮೆಟ್ಟಿಲು. ಎಲ್ಲವನ್ನೂ ಕೂಡಿ, ಬರಬಹುದಾದ ಗರಿಷ್ಠ ಮೊತ್ತದಿಂದ ಭಾಗಿಸಿ, ಒಂದರಿಂದ ಕಳೆದರೆ ಸೂಚ್ಯಂಕ ಸಿಗುತ್ತದೆ. 1 ಬಂದರೆ ಎಲ್ಲವೂ ಕ್ಷೇಮ, 0 ಬಂದರೆ ಎಲ್ಲವೂ ಹೋದವು. ದೇಶಗಳಿಗೆ ಹಂಚುವಾಗ, ಆ ಪ್ರಭೇದದ ನೆಲೆಯ ಎಷ್ಟು ಪಾಲು ಆ ದೇಶದಲ್ಲಿದೆಯೋ ಅಷ್ಟು ಹೊಣೆ. ನಮ್ಮ ಸಿಂಗಳೀಕ ಪಶ್ಚಿಮಘಟ್ಟವನ್ನು ಬಿಟ್ಟು ಬೇರೆಲ್ಲೂ ಇಲ್ಲ, ಅದರ ಹೊಣೆ ಪೂರ್ತಿ ಭಾರತದ್ದೇ. ಗುಬ್ಬಚ್ಚಿಯ ಹೊಣೆಯನ್ನು ಹತ್ತಾರು ದೇಶಗಳು ಹಂಚಿಕೊಳ್ಳುತ್ತವೆ.

ಈ ಹಂಚಿಕೆ ನ್ಯಾಯವಾದದ್ದು. ಆದರೆ ಇದರಲ್ಲಿ ಒಂದು ಸೋಜಿಗವಿದೆ. ಶತಮಾನಗಳ ಹಿಂದೆಯೇ ತನ್ನ ಕಾಡು ಕಡಿದು, ತೋಳ ಕರಡಿಗಳನ್ನು ಕೊಂದು ಮುಗಿಸಿದ ದೇಶಕ್ಕೆ ಇಂದು ಕಳೆದುಕೊಳ್ಳಲು ಹೆಚ್ಚೇನೂ ಉಳಿದಿಲ್ಲ, ಆದ್ದರಿಂದ ಅದರ ಸೂಚ್ಯಂಕದ ರೇಖೆ ಕುಸಿಯದೆ ನೆಟ್ಟಗೆ ಸಾಗುತ್ತದೆ. ಡೆನ್ಮಾರ್ಕಿನ ನೆಲದ ಸುಮಾರು ಶೇ 60 ಭಾಗ ಕೃಷಿಭೂಮಿ. ಅದು ಅವರ ತಪ್ಪೆಂದು ನಾನು ಹೇಳುತ್ತಿಲ್ಲ. ಆಸ್ತಿಯನ್ನು ತಾತನೇ ಮಾರಿ ಮುಗಿಸಿದ ಮನೆಯಲ್ಲಿ ಮೊಮ್ಮಗ ದುಂದುಗಾರನಲ್ಲ ಎಂದು ಹೊಗಳುವಾಗ ಸ್ವಲ್ಪ ಎಚ್ಚರ ಬೇಕು ಎನ್ನುತ್ತಿದ್ದೇನೆ. ಜಗತ್ತಿನ ನೆಲದ ಶೇ 2.4ರಷ್ಟರಲ್ಲಿ, ದಾಖಲಾದ ಪ್ರಭೇದಗಳಲ್ಲಿ ಶೇ 7ರಿಂದ 8ರಷ್ಟನ್ನು ಇಟ್ಟುಕೊಂಡು ಬಾಳುತ್ತಿರುವ ದೇಶಕ್ಕೆ ಕಳೆದುಕೊಳ್ಳುವ ಅವಕಾಶಗಳೂ ಅಷ್ಟೇ ಹೆಚ್ಚು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಏಕೆಂದರೆ ಎಣಿಸುವುದೆಂದರೆ ಏನೆಂಬುದನ್ನು ನಮ್ಮ ಹುಲಿಗಳೇ ಕಲಿಸಿವೆ. 2002ರ ಸುಮಾರಿಗೆ ದೇಶದ ಅಧಿಕೃತ ಹುಲಿ ಸಂಖ್ಯೆ 3,642. 2006ರ ಗಣತಿಯಲ್ಲಿ 1,411. 2022ರಲ್ಲಿ 3,682. ಮೊದಲ ಮತ್ತು ಕೊನೆಯ ಸಂಖ್ಯೆಗಳನ್ನಷ್ಟೇ ಕೈಗೆ ಕೊಟ್ಟರೆ ಯಾವ ಲೆಕ್ಕಪರಿಶೋಧಕನಾದರೂ ಏನೆಂದಾನು? ಇಪ್ಪತ್ತು ವರ್ಷ ಇಷ್ಟೊಂದು ಹಣ ಸುರಿದು ನಲವತ್ತು ಹುಲಿ ಹೆಚ್ಚಿಸಿದಿರಾ ಎಂದಾನು. ಆದರೆ 3,642 ಎಂಬುದು ಹೆಜ್ಜೆಗುರುತು ನೋಡಿ ಮಾಡಿದ ಎಣಿಕೆ. ಆ ವಿಧಾನದಲ್ಲಿ ಒಂದೇ ಹುಲಿ ಎರಡಾಗಬಹುದು, ಇಲ್ಲದ ಹುಲಿಯೂ ಇರಬಹುದು. ರಾಜಸ್ಥಾನದ ಸರಿಸ್ಕಾದಲ್ಲಿ ಕಡತದೊಳಗೆ ಹುಲಿಗಳು ಕ್ಷೇಮವಾಗಿಯೇ ಇದ್ದವು. 2005ರಲ್ಲಿ ಕಾಡಿನೊಳಗೆ ಹುಡುಕಿದರೆ ಒಂದೂ ಇರಲಿಲ್ಲ. ಪಟ್ಟೆಗಳ ಛಾಯಾಚಿತ್ರದಿಂದ ಒಂದೊಂದು ಹುಲಿಯನ್ನೂ ಗುರುತಿಸಿ, ಮತ್ತೆ ಮತ್ತೆ ಕ್ಯಾಮೆರಾಕ್ಕೆ ಸಿಕ್ಕ ಪ್ರಮಾಣದಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸುವ ಕ್ರಮವನ್ನು 1990ರ ದಶಕದ ಆರಂಭದಲ್ಲೇ ಉಲ್ಲಾಸ ಕಾರಂತರು ನಮ್ಮ ನಾಗರಹೊಳೆಯಲ್ಲಿ ಬೆಳೆಸಿದ್ದರು. ಸರಿಸ್ಕಾದ ಆಘಾತವಾಗುವವರೆಗೂ ದೇಶಮಟ್ಟದ ಗಣತಿ ಹೆಜ್ಜೆಗುರುತನ್ನು ಬಿಡಲಿಲ್ಲ. ದಕ್ಷತೆಯ ಲೆಕ್ಕದಲ್ಲಿ ಇದರ ಪರಿಣಾಮ ವಿಚಿತ್ರವಾದದ್ದು: ಎಣಿಕೆಯನ್ನು ಸುಧಾರಿಸಿದ ದೇಶ ಆ ವರ್ಷ ಪಾತಾಳಕ್ಕೆ ಬಿದ್ದಂತೆ ಕಾಣುತ್ತದೆ, ಸುಳ್ಳು ಎಣಿಕೆಯನ್ನು ಮುಂದುವರಿಸಿದ ದೇಶ ಸ್ಥಿರವಾಗಿರುವಂತೆ ಕಾಣುತ್ತದೆ.

ಫಲದ ಬದಿಯಿಂದ ಹೂಡಿಕೆಯ ಬದಿಗೆ ಬಂದರೆ, ಹಣವನ್ನು ಅಳೆಯುವುದು ಸುಲಭವಿರಬೇಕು ಎಂದು ನಿಮಗೆ ಅನ್ನಿಸಬಹುದು. ಒಂದು ಚದರ ಕಿಲೋಮೀಟರ್ ಕಾಡು ಕಾಯುವ ವಾರ್ಷಿಕ ವೆಚ್ಚ ಜಗತ್ತಿನಲ್ಲಿ ಹತ್ತು ಸೆಂಟ್‌ಗಿಂತ ಕಡಿಮೆಯಿಂದ ಹತ್ತು ಲಕ್ಷ ಡಾಲರ್‌ಗಿಂತ ಹೆಚ್ಚಿನವರೆಗೆ ಹಬ್ಬಿದೆ ಎಂದು 2003ರ ಒಂದು ಪ್ರಬಂಧ ತೋರಿಸಿತು. ಇಷ್ಟು ಅಂತರವಿರುವಾಗ, ಬಡ ದೇಶ ಕಡಿಮೆ ಖರ್ಚಿನಲ್ಲಿ ಕಾಡು ಕಾಯುತ್ತಿದೆ ಎಂಬುದು ಅದರ ಜಾಣತನವೋ ಅಥವಾ ಅಲ್ಲಿನ ಅರಣ್ಯ ವೀಕ್ಷಕನ ಕಡಿಮೆ ಸಂಬಳವೋ ಎಂದು ಬಿಡಿಸಿ ಹೇಳುವುದು ಕಷ್ಟ. ಆದರೂ ಹಣ ಕೆಲಸ ಮಾಡುತ್ತದೆಯೇ ಎಂಬ ಮೂಲ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದೆ. ವಾಲ್‌ಡ್ರನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1996ರಿಂದ 2008ರವರೆಗೆ 109 ದೇಶಗಳಲ್ಲಿ ಆದ ಸಂರಕ್ಷಣಾ ವೆಚ್ಚ ಜೀವವೈವಿಧ್ಯದ ನಷ್ಟವನ್ನು, ದೇಶಗಳನ್ನು ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವ ದೇಶದಲ್ಲಿ, ಶೇ 29ರಷ್ಟು ತಗ್ಗಿಸಿತು. ಆ ಅವಧಿಯ ಜಾಗತಿಕ ನಷ್ಟದಲ್ಲಿ ಶೇ 60 ಭಾಗ ಏಳೇ ದೇಶಗಳಿಗೆ ಸೇರಿತ್ತು: ಇಂಡೊನೇಷ್ಯಾ, ಮಲೇಷ್ಯಾ, ಪಪುವಾ ನ್ಯೂಗಿನಿ, ಚೀನಾ, ಭಾರತ, ಆಸ್ಟ್ರೇಲಿಯಾ, ಮತ್ತು ಮುಖ್ಯವಾಗಿ ಹವಾಯಿಯ ಕಾರಣದಿಂದ ಅಮೆರಿಕ. ಸುಧಾರಿಸಿದವೂ ಏಳು, ಅವುಗಳಲ್ಲಿ ಮಾರಿಷಸ್, ಸೇಷೆಲ್ಸ್, ಫಿಜಿ, ಸಮೋವಾ, ಟೊಂಗಾ ಎಂಬ ಐದು ಪುಟ್ಟ ದ್ವೀಪರಾಷ್ಟ್ರಗಳು.

ಆ ಅಧ್ಯಯನದಲ್ಲಿ ನನಗೆ ಮುಖ್ಯವೆನಿಸಿದ್ದು ಈ ಪಟ್ಟಿಯಲ್ಲ, ಅದರ ರಚನೆ. ಒಂದು ತಟ್ಟೆಯಲ್ಲಿ ಸಂರಕ್ಷಣಾ ವೆಚ್ಚ, ಇನ್ನೊಂದರಲ್ಲಿ ಆರ್ಥಿಕ ಬೆಳವಣಿಗೆ, ಕೃಷಿ ವಿಸ್ತರಣೆ, ಜನಸಂಖ್ಯೆ ಎಂಬ ಒತ್ತಡಗಳು. ನಿಂತ ನೀರಿನಲ್ಲಿ ದೋಣಿ ನಡೆಸುವವನನ್ನೂ ಪ್ರವಾಹಕ್ಕೆ ಎದುರಾಗಿ ಹುಟ್ಟು ಹಾಕುವವನನ್ನೂ ಬೇರೆ ಬೇರೆಯಾಗಿ ನೋಡಬೇಕೆಂಬ ಸಾಮಾನ್ಯ ವಿವೇಕ ಅದರಲ್ಲಿದೆ.

ಬಜೆಟ್ ಪುಸ್ತಕದಲ್ಲಿ ಕಾಣದ ಹೂಡಿಕೆಗಳು ಇನ್ನೂ ಇವೆ. ರಣಹದ್ದುಗಳನ್ನು ತೆಗೆದುಕೊಳ್ಳಿ. ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ 1990ರ ದಶಕದಿಂದ ಹದಿನೈದು ವರ್ಷಗಳಲ್ಲಿ ಶೇ 99ಕ್ಕಿಂತ ಹೆಚ್ಚು ಕುಸಿಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧವೇ ಕಾರಣವೆಂದು 2004ರಲ್ಲಿ ತಿಳಿಯಿತು. 2006ರಲ್ಲಿ ಪಶು ಚಿಕಿತ್ಸೆಗೆ ಅದರ ಬಳಕೆಯನ್ನು ಭಾರತ ನಿಷೇಧಿಸಿತು. ಹದ್ದಿಗೆ ಹಾನಿ ಮಾಡದ ಮೆಲಾಕ್ಸಿಕಾಮ್ ಬದಲಿಯಾಗಿ ಬಂತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್‌ಗಳೂ ನಿಷೇಧದ ಪಟ್ಟಿಗೆ ಸೇರಿದವು. ರಾಮನಗರದ ಬಂಡೆಗಳ ಮೇಲೆ ಉಳಿದಿರುವ ಉದ್ದ ಕೊಕ್ಕಿನ ಬೆರಳೆಣಿಕೆಯ ಹದ್ದುಗಳಿಗೆ ಯಾವ ಬೇಲಿಗಿಂತಲೂ ದೊಡ್ಡ ರಕ್ಷಣೆ ಔಷಧದಂಗಡಿಯಲ್ಲಿದೆ. ಈ ನಿಷೇಧ ಅರಣ್ಯ ಇಲಾಖೆಯ ಖರ್ಚಿನಲ್ಲಿ ಎಲ್ಲಿಯೂ ಇಲ್ಲ. ಹಣವನ್ನಷ್ಟೇ ಹೂಡಿಕೆಯೆಂದು ಹಿಡಿದರೆ ಇಂಥ ಕೆಲಸ ಆಕಾಶದಿಂದ ಉದುರಿದ ಫಲದಂತೆ ಕಾಣುತ್ತದೆ.

ತಿರುವುಮುರುವು ಕೂಡ ಇದೆ. 2009ರಿಂದ ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವಿಲ್ಲ. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದರ ಬೆಲೆಯನ್ನು ತೆರುತ್ತಿರುವವರು ಸರ್ಕಾರವಲ್ಲ, ರಾತ್ರಿ ವಯನಾಡಿಗೆ ಹೋಗಬೇಕಾದ ಲಾರಿಯವರು ಮತ್ತು ಪ್ರಯಾಣಿಕರು. ಕಾಡಂಚಿನಲ್ಲಿ ಆನೆ ತುಳಿದ ಜೋಳ, ರಾತ್ರಿಯಿಡೀ ಅಟ್ಟಣೆಯ ಮೇಲೆ ಕಾವಲು ಕೂರುವ ರೈತನ ನಿದ್ದೆ ಇವೂ ಹೂಡಿಕೆಯೇ. ನಿಷೇಧ ಸರಿಯೆಂದೇ ನನ್ನ ಅಭಿಪ್ರಾಯ. ಅದರ ಖರ್ಚನ್ನು ಸೊನ್ನೆಯೆಂದು ಬರೆಯುವುದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಹಾಗೆ ಬರೆದರೆ ಜನರ ಮೇಲೆ ಹೆಚ್ಚು ಹೊರೆ ಹೊರಿಸಿದ ದೇಶವೇ ಹೆಚ್ಚು ದಕ್ಷವೆಂದು ತೀರ್ಮಾನವಾಗಿಬಿಡುತ್ತದೆ.

ಫಲವೂ ಹಲವು, ಹೂಡಿಕೆಯೂ ಹಲವು ಎಂದಾಗ ಭಾಗಾಕಾರ ಮಾಡುವುದು ಹೇಗೆ? ಇದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಹತ್ಯಾರಿದೆ. 1957ರಲ್ಲಿ ಫಾರೆಲ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ರಾಜ್ಯಗಳ ಕೃಷಿಯನ್ನು ಹೋಲಿಸಲು ಅದರ ಬೀಜ ಬಿತ್ತಿದ; 1978ರಲ್ಲಿ ಚಾರ್ನ್ಸ್, ಕೂಪರ್, ರೋಡ್ಸ್ ಎಂಬವರು ಅದಕ್ಕೆ ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್ ಎಂಬ ರೂಪ ಕೊಟ್ಟರು. ಡಿಇಎ ಎನ್ನೋಣ. ಆದರ್ಶ ದೇಶ ಹೇಗಿರಬೇಕೆಂದು ಅದು ಕೇಳುವುದಿಲ್ಲ. ಇರುವ ದೇಶಗಳ ಪೈಕಿ, ಇಷ್ಟು ಹೂಡಿಕೆಯಿಂದ ಇಷ್ಟು ಫಲವನ್ನು ನಿಜವಾಗಿ ತೆಗೆದವರು ಯಾರೆಂದು ನೋಡಿ, ಅವರನ್ನೆಲ್ಲ ಸೇರಿಸಿ ಒಂದು ಎಲ್ಲೆಗೆರೆ ಎಳೆಯುತ್ತದೆ. ಗೆರೆಯ ಮೇಲಿದ್ದವರಿಗೆ ಪೂರ್ಣ ಅಂಕ, ಒಳಗಿದ್ದವರಿಗೆ ಗೆರೆಯಿಂದ ಎಷ್ಟು ದೂರವೋ ಅಷ್ಟು ಕಡಿತ. ಇನ್ನೊಂದು ಔದಾರ್ಯವೂ ಅದಕ್ಕಿದೆ: ಯಾವ ಫಲಕ್ಕೆ ಎಷ್ಟು ತೂಕ ಎಂಬುದನ್ನು ಆಯಾ ದೇಶಕ್ಕೆ ಅತ್ಯಂತ ಅನುಕೂಲವಾಗುವಂತೆ ಸೂತ್ರವೇ ಆರಿಸಿಕೊಡುತ್ತದೆ. ವಿದ್ಯಾರ್ಥಿ ತನಗೆ ಚೆನ್ನಾಗಿ ಬರುವ ಪ್ರಶ್ನೆಗೆ ತಾನೇ ಹೆಚ್ಚು ಅಂಕ ನಿಗದಿ ಮಾಡಿಕೊಳ್ಳುವ ಪರೀಕ್ಷೆಯಂತೆ.

ಕಾಲ್ಪನಿಕ ಅಂಕಿಗಳಿಂದ ಒಂದು ಲೆಕ್ಕ ಮಾಡೋಣ. ಮೊದಲ ದೇಶ 10 ಕೋಟಿ ಖರ್ಚು ಮಾಡಿ 4 ಪ್ರಭೇದಗಳನ್ನು ಅಪಾಯದಿಂದ ಪಾರುಮಾಡಿತು. ಎರಡನೆಯದು 20 ಕೋಟಿಯಲ್ಲಿ 12. ಮೂರನೆಯದು 40 ಕೋಟಿಯಲ್ಲಿ 16. ಹೂಡಿಕೆ ದುಪ್ಪಟ್ಟಾದರೆ ಫಲವೂ ದುಪ್ಪಟ್ಟಾಗಬೇಕು ಎಂಬ ನಿಯಮ ಹಿಡಿದರೆ, ಕೋಟಿಗೆ 0.6 ಪ್ರಭೇದ ಉಳಿಸಿದ ಎರಡನೆಯ ದೇಶಕ್ಕೆ ಮಾತ್ರ ಪೂರ್ಣ ಅಂಕ, ಕೋಟಿಗೆ 0.4 ಉಳಿಸಿದ ಉಳಿದೆರಡಕ್ಕೂ ಮೂರರಲ್ಲಿ ಎರಡು ಪಾಲು. ಆದರೆ ಬ್ಯಾಂಕರ್ ಮತ್ತು ಸಂಗಡಿಗರು 1984ರಲ್ಲಿ ತೋರಿಸಿದ ಹಾಗೆ, ಸಣ್ಣವರನ್ನು ಸಣ್ಣವರ ಜೊತೆಗೆ, ದೊಡ್ಡವರನ್ನು ದೊಡ್ಡವರ ಜೊತೆಗೆ ಮಾತ್ರ ಹೋಲಿಸಬೇಕೆಂಬ ನಿಯಮ ಹಿಡಿದರೆ, ಮೂರೂ ದೇಶಗಳು ಎಲ್ಲೆಗೆರೆಯ ಮೇಲೆಯೇ ಬಂದು ನಿಲ್ಲುತ್ತವೆ. ಅಂಕಿ ಒಂದೂ ಬದಲಾಗಲಿಲ್ಲ. ಪತ್ರಿಕೆಯ ಶೀರ್ಷಿಕೆ ಮಾತ್ರ ಬದಲಾಯಿತು. ದೇಶಗಳ ದಕ್ಷತೆಯ ಪಟ್ಟಿ ಎಲ್ಲೇ ಕಂಡರೂ ನೀವು ಮೊದಲು ಕೇಳಬೇಕಾದ್ದು ಯಾರು ಮೊದಲು ಬಂದರೆಂದಲ್ಲ, ಯಾರನ್ನು ಯಾರ ಜೊತೆ ನಿಲ್ಲಿಸಿ ನೋಡಿದರೆಂದು.

ದ್ವೀಪಗಳ ವಿಷಯ ಹೇಳಿದೆನಲ್ಲ, ಮಾರಿಷಸ್‌ಗೆ ಹಿಂತಿರುಗೋಣ. 1974ರಲ್ಲಿ ಮಾರಿಷಸ್ ಕೆಸ್ಟ್ರೆಲ್ ಎಂಬ ಪುಟ್ಟ ಬೇಟೆಹಕ್ಕಿ ಕಾಡಿನಲ್ಲಿ ನಾಲ್ಕೇ ಉಳಿದಿತ್ತು. ಮೊಟ್ಟೆಗಳನ್ನು ಎತ್ತಿ ತಂದು ಮರಿ ಮಾಡಿಸಿ, ಗೂಡಿನ ಪೆಟ್ಟಿಗೆ ಕಟ್ಟಿ, ಕಾಡಿನಲ್ಲೇ ಆಹಾರ ಇಟ್ಟು, ನೂರಾರು ಹಕ್ಕಿಗಳವರೆಗೆ ಅದನ್ನು ಬೆಳೆಸಿದರು. ಡೋಡೊವನ್ನು ಕಳೆದುಕೊಂಡ ದ್ವೀಪ ಮಾಡಿದ ಈ ಕೆಲಸಕ್ಕೆ ಯಾರಾದರೂ ತಲೆಬಾಗಬೇಕು. ಆದರೆ ಕೆಲವೇ ಪ್ರಭೇದಗಳಿರುವ ಪಟ್ಟಿಯಲ್ಲಿ ಒಂದೆರಡು ಹಕ್ಕಿಗಳು ಒಂದು ಮೆಟ್ಟಿಲು ಮೇಲೇರಿದರೂ ಇಡೀ ದೇಶದ ಸೂಚ್ಯಂಕ ಏರುತ್ತದೆ; ಸಾವಿರಾರು ಪ್ರಭೇದಗಳ ಇಂಡೊನೇಷ್ಯಾದಲ್ಲಿ ಅಷ್ಟೇ ಶ್ರಮ ದಶಮಾಂಶದ ಮೂರನೆಯ ಸ್ಥಾನವನ್ನೂ ಅಲುಗಿಸುವುದಿಲ್ಲ. ಮೇಲೇರಿದ್ದು ಅಲ್ಲಿಯೇ ನಿಲ್ಲುತ್ತದೆಂಬ ಖಾತರಿಯೂ ಇಲ್ಲ: 2014ರಲ್ಲಿ ಆ ಕೆಸ್ಟ್ರೆಲ್ ಮತ್ತೆ ಅಪಾಯದ ದರ್ಜೆಗೆ ಇಳಿಯಿತು. ಲೆಕ್ಕವನ್ನು ಯಾವ ವರ್ಷಕ್ಕೆ ನಿಲ್ಲಿಸುತ್ತೀರಿ ಎಂಬುದರ ಮೇಲೆ ದಕ್ಷತೆ ನಿಂತಿದೆ.

ಗಡಿಯ ತೊಡಕನ್ನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. 2012ರಲ್ಲಿ ಲೆನ್ಜೆನ್ ಮತ್ತು ಸಂಗಡಿಗರು 187 ದೇಶಗಳ ವ್ಯಾಪಾರದ ಜಾಡು ಹಿಡಿದು ನೋಡಿದಾಗ, ಪ್ರಭೇದಗಳ ಮೇಲಿನ ಬೆದರಿಕೆಗಳಲ್ಲಿ ಸುಮಾರು ಶೇ 30 ಭಾಗ ಅಂತರರಾಷ್ಟ್ರೀಯ ವ್ಯಾಪಾರದಿಂದ ಬಂದದ್ದೆಂದು ತಿಳಿಯಿತು. ಕಾಫಿ ಕುಡಿದವನ ದೇಶ ಹಸಿರಾಗಿಯೇ ಉಳಿಯುತ್ತದೆ, ಕಾಡು ಕಡಿದು ಅದನ್ನು ಬೆಳೆದವನ ದೇಶಕ್ಕೆ ಕೆಂಪು ಶಾಯಿ. ಇದನ್ನು ಬಿಟ್ಟ ಯಾವ ಪಟ್ಟಿಯೂ ಅರ್ಧ ಪಟ್ಟಿಯೇ.

ಹಾಗಾದರೆ ಈ ಅಳತೆಯನ್ನೇ ಬಿಡಬೇಕೆ ಎಂದು ನೀವು ಕೇಳಬಹುದು. ಬಿಡಬಾರದು. ದೇಶಕ್ಕಿಂತ ಸಣ್ಣ ಘಟಕಕ್ಕೆ ಇಳಿದಾಗ ಅದು ಚೆನ್ನಾಗಿ ದುಡಿಯುತ್ತದೆ. ನ್ಯೂಜಿಲೆಂಡಿನ 32 ಅಪಾಯದಂಚಿನ ಪ್ರಭೇದಗಳನ್ನು ಇಟ್ಟುಕೊಂಡು 2009ರಲ್ಲಿ ಜೋಸೆಫ್, ಮಲೋನಿ, ಪೊಸಿಂಗಮ್ ಎಂಬವರು ಒಂದು ಸರಳ ಸೂತ್ರ ಕೊಟ್ಟರು. ಆ ಪ್ರಭೇದಕ್ಕೆ ನಾವು ಕೊಡುವ ಮಹತ್ವ, ಯೋಜನೆಯಿಂದ ಅದು ಉಳಿಯುವ ಸಾಧ್ಯತೆ ಎಷ್ಟು ಹೆಚ್ಚುತ್ತದೆ ಎಂಬುದು, ಯೋಜನೆಯೇ ಯಶಸ್ವಿಯಾಗುವ ಸಂಭವ, ಈ ಮೂರನ್ನು ಗುಣಿಸಿ ವೆಚ್ಚದಿಂದ ಭಾಗಿಸಿ. ಬಂದ ಸಂಖ್ಯೆಯ ಕ್ರಮದಲ್ಲಿ ಹಣ ಮುಗಿಯುವವರೆಗೆ ಯೋಜನೆಗಳನ್ನು ಆರಿಸಿಕೊಳ್ಳಿ. ಹೀಗೆ ಮಾಡಿದರೆ ಅದೇ ಹಣಕ್ಕೆ ಹೆಚ್ಚು ಪ್ರಭೇದಗಳು ಉಳಿಯುತ್ತವೆ. ಅದರ ಜೊತೆಗೆ ಪಟ್ಟಿಯ ಕೆಳಗೆ ಯಾರನ್ನು ಬಿಟ್ಟೆವೆಂಬುದೂ ಬರಹದಲ್ಲಿ ದಾಖಲಾಗುತ್ತದೆ, ಮತ್ತು ಅಧಿಕಾರಿಗಳಿಗೆ ಇರುಸುಮುರುಸಾಗುವುದು ಇಲ್ಲಿಯೇ. ಅದೇ ದೇಶದಲ್ಲಿ ಹಾರಲಾರದ ಕಾಕಪೊ ಗಿಳಿಗಳು 1995ರಲ್ಲಿ 51 ಇದ್ದವು, 2022ರಲ್ಲಿ 252 ಆದವು. ಒಂದೊಂದು ಹಕ್ಕಿಗೂ ಒಂದು ಹೆಸರು, ಬೆನ್ನಿಗೊಂದು ಟ್ರಾನ್ಸ್‌ಮಿಟರ್. ಇಂಥ ಪ್ರೀತಿಯ ಹಕ್ಕಿಗೆ ಹಣ ಕೊಡುವಾಗ ಸೂತ್ರದ ಮೊದಲ ಅಕ್ಷರ, ಎಂದರೆ ಮಹತ್ವ, ಬಹಳ ಕೆಲಸ ಮಾಡುತ್ತದೆ. ಅದನ್ನು ಬಚ್ಚಿಡುವುದಕ್ಕಿಂತ ಸೂತ್ರದಲ್ಲೇ ಬರೆದಿಡುವುದು ಪ್ರಾಮಾಣಿಕವೆಂದು ನನಗನ್ನಿಸುತ್ತದೆ.

ಇಂದಿನ ಈ ಸಭೆ ಶುರುವಾಗುವ ಮುನ್ನ ಒಬ್ಬ ಯುವಕ ನಮ್ಮ ರಾಜ್ಯಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ನನ್ನನ್ನು ಕೇಳಿದ. ದೇಶದ 51 ಹುಲಿ ಸಂರಕ್ಷಿತ ಪ್ರದೇಶಗಳ ನಿರ್ವಹಣೆಗೆ 2022ರಲ್ಲಿ ಅಂಕ ಕೊಟ್ಟಾಗ ಬಂಡೀಪುರ ಮತ್ತು ನಾಗರಹೊಳೆ ಶೇ 90ಕ್ಕಿಂತ ಮೇಲಿದ್ದವು, ಅದು ಆ ಯುವಕನಿಗೂ ಗೊತ್ತಿತ್ತು. ನಾನು ಅವನಿಗೆ ರಾಣೇಬೆನ್ನೂರಿನ ವಿಷಯ ಹೇಳಿದೆ. 1974ರಲ್ಲಿ ಅಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವಾಯಿತು, ಇಂದು ಅವು ಸಾವಿರಗಳ ಲೆಕ್ಕದಲ್ಲಿವೆ. ಅದೇ ಹುಲ್ಲುಗಾವಲಿನಲ್ಲಿ ಒಂದು ಕಾಲಕ್ಕೆ ಎರೆಭೂತವೂ ಇತ್ತು, ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಪತ್ರಿಕೆಗಳು ಬರೆಯುವ ಹಕ್ಕಿ. ನೀಲಗಿರಿ ನೆಡುತೋಪುಗಳು ಬಂದವು, ಬಯಲು ಮುಚ್ಚಿತು, ಹಕ್ಕಿ ಇಂದು ಅಲ್ಲಿ ಕಾಣುವುದಿಲ್ಲ. ಫಲದ ಅಂಕಣದಲ್ಲಿ ಕೃಷ್ಣಮೃಗವನ್ನಷ್ಟೇ ಬರೆದರೆ ರಾಣೇಬೆನ್ನೂರು ಎಲ್ಲೆಗೆರೆಯ ಮೇಲೆ ನಿಲ್ಲಬಹುದು. ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆದು ಎರೆಭೂತದ ಹೆಸರಿನ ಮುಂದೆ ಸೊನ್ನೆ ಬರೆದರೆ? ಡಿಇಎ ತೂಕವನ್ನು ಆಯಾ ಘಟಕಕ್ಕೆ ಅನುಕೂಲವಾಗುವಂತೆಯೇ ಆರಿಸುತ್ತದೆಂದು ಹೇಳಿದೆನಲ್ಲ, ಅದು ಆ ಸೊನ್ನೆಗೆ ಸೊನ್ನೆಯ ತೂಕವನ್ನೇ ಕೊಡುತ್ತದೆ; ರಾಣೇಬೆನ್ನೂರಿನ ಅಂಕ ಆಗಲೂ ಇದ್ದಷ್ಟೇ ಇರುತ್ತದೆ.